ಎಲೆಯ ತುದಿಯ ನೀರು

ಸವಣೂರು,
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಸುಧಾ,

ಸಲಾಮು, ಶರಣು ಎರಡೂ ಹೇಳುತ್ತಿದ್ದೇನೆ, ನಿನಗೆ ಬೇಕಾದದ್ದನ್ನು ತೆಗೆದುಕೋ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ನಾಲ್ಕು ಸಲ ಕುಳಿತೆ, ನಾಲ್ಕು ಸಲವೂ ಹರಿದು ಹಾಕಿದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪತ್ರಲೇಖನ ಕಲಿಸಿದವಳು ನಾನು, ಹುಡುಗರ ಒಕ್ಕಣೆ ತಪ್ಪಿದರೆ ಕೆಂಪು ಗೆರೆ ಎಳೆದವಳು. ಈಗ ನನ್ನದೇ ಪೆನ್ನು ಓಡುತ್ತಿಲ್ಲ. ತಡವಾದದ್ದಕ್ಕೆ ಬೇಕಾದಷ್ಟು ಬೈದುಕೋ, ಆದರೆ ಕೊನೆಯವರೆಗೆ ಓದು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಇದ್ದತ್ತಿನಲ್ಲಿ ಕುಳಿತ ಹೆಂಗಸಿನ ಪಕ್ಕ ಸದಾ ಯಾರಾದರೂ ಇರುತ್ತಾರೆ. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಾವು ಹೊಸ್ತಿಲು ದಾಟುವಂತಿಲ್ಲ, ನಿನಗೆ ಗೊತ್ತೇ ಇದೆ. ಫೆಬ್ರವರಿ ಮೊದಲ ವಾರದವರೆಗೆ ನನಗೆ ಈ ಮನೆಯೇ ಊರು. ಇವತ್ತು ಜುಮ್ಮಾ, ಮಗ ತನ್ವೀರ ಮಸೀದಿಗೆ ಹೋಗಿದ್ದಾನೆ. ಸೊಸೆ ಸುಮೇರಾ ಬಂಕಾಪುರದ ತವರಿಗೆ ಹೋಗಿದ್ದಾಳೆ. ಮಗಳು ನಿಖತ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಅಷ್ಟು ಹೊತ್ತು ನಾನು ನಿನ್ನವಳು.

ಮದಗದ ಕೆರೆ ಈ ಸಲ ತುಂಬಿದೆ ಎಂದು ಬರೆದಿದ್ದೀಯ, ಸಂತೋಷ. ಮಾಸೂರಿನ ನಿಮ್ಮ ಮನೆಯ ಮಾಳಿಗೆಯಿಂದ ಆ ನೀರು ನೋಡುತ್ತ ಇಬ್ಬರೂ ರೊಟ್ಟಿ ತಿಂದದ್ದು ನೆನಪಾಯಿತು. ಆಮೇಲೆ ನಾಚಿಕೆಯಾಯಿತು. ಹಾನಗಲ್ಲಿನ ಟಿ.ಸಿ.ಎಚ್. ಹಾಸ್ಟೆಲಿನಲ್ಲಿ ಒಂದೇ ಟ್ರಂಕು ಹಂಚಿಕೊಂಡವರು ನಾವು, ಎರಡು ವರ್ಷ ಮಾತು ಬಿಟ್ಟೆವು. ಬಿಡುವ ಹಾಗೆ ಮಾಡಿದವಳು ನಾನೇ. ನಿಮ್ಮ ಅವ್ವ ಹೊನ್ನವ್ವ ತೊಡೆಯ ಎಲುಬು ಮುರಿದು ಮಲಗಿ, ಒಂದು ದಿನ ಗಂಜಿಯ ಬಟ್ಟಲು ಸರಿಸಿ "ಸಾಕಾತವ್ವ" ಅಂದಾಗ ನೀನು ಅವಳ ಮೂಗಿಗೆ ನಳಿಕೆ ಹಾಕಿಸಲಿಲ್ಲ. ಜಂಗಮರನ್ನು ಕರೆಸಿ ವಿಭೂತಿ ಹಚ್ಚಿಸಿದೆ, ಹನ್ನೊಂದು ದಿನ ಕೈ ಹಿಡಿದು ಕುಳಿತೆ. ನಾನು ಇಲ್ಲಿಂದ ಏನು ಬರೆದೆ ಎನ್ನುವುದು ನಿನಗೆ ಬಾಯಿಪಾಠ ಆಗಿರುತ್ತದೆ. ಹೆತ್ತವ್ವನಿಗೆ ಅನ್ನ ನಿಲ್ಲಿಸಿ ನೋಡುತ್ತ ಕುಳಿತವಳ ಮನೆಯಲ್ಲಿ ನಾನಿನ್ನು ನೀರನ್ನೂ ಮುಟ್ಟುವುದಿಲ್ಲ ಎಂದಿದ್ದೆ. ಎಷ್ಟು ಸೊಕ್ಕು ನೋಡು ನನಗೆ.

ಈಗ ನಮ್ಮ ಮನೆಯದನ್ನು ಹೇಳುತ್ತೇನೆ. ನಮ್ಮ ಉರ್ದು ನಿನಗೆ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ, ಆದ್ದರಿಂದ ಎಲ್ಲರ ಮಾತನ್ನೂ ಊರ ಕನ್ನಡದಲ್ಲೇ ಬರೆಯುತ್ತೇನೆ.

ಮಾರ್ಚಿನಲ್ಲಿ ನಮ್ಮವರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ನಾಲಿಗೆ ಹೋಯಿತು, ಗಂಟಲು ಹೋಯಿತು. ಉಳಿದದ್ದು ಎಡಗೈ ಮತ್ತು ಕಣ್ಣು. ಶಿಗ್ಗಾಂವಿಯ ಡಾಕ್ಟರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಅವರ ಮಂಚದ ಪಕ್ಕದಲ್ಲೇ ನಿಂತು ನನಗೆ ಹೇಳಿದರು: "ಬಾಯಿಂದ ಒಂದು ಗುಟುಕು ನೀರೂ ಬ್ಯಾಡ್ರಿ. ನುಂಗೂ ಶಕ್ತಿ ಹೋಗೇತಿ, ನೀರು ಸೀದಾ ಪುಪ್ಪುಸಕ್ಕ ಇಳಿತೈತಿ. ಆಮ್ಯಾಲ ಉಳಸಾಕ ಆಗೂದಿಲ್ಲ. ತುಟಿ ಒಣಗಿದ್ರ ಒದ್ದಿ ಹತ್ತಿಲೆ ಒರಸ್ರಿ, ಅಷ್ಟ." ನಮ್ಮವರು ಕಣ್ಣು ತೆರೆದು ಅದನ್ನೆಲ್ಲ ಕೇಳುತ್ತಿದ್ದರು.

ನಮ್ಮವರು ಬಂದೇಸಾಬರೆಂದರೆ ನೀರಿನ ಮನುಷ್ಯ, ನಿನಗೆ ಗೊತ್ತಲ್ಲ. ನಲವತ್ತು ವರ್ಷ ವೀಳ್ಯದೆಲೆಯ ವ್ಯಾಪಾರ. ಎಲೆಯ ಪೆಂಡಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸದಿದ್ದರೆ ಅವರಿಗೆ ಕೂತಲ್ಲಿ ಸಮಾಧಾನವಿಲ್ಲ. ನೀರು ಬೇಕೇನೆ ಎಂದು ನನ್ನನ್ನು ಒಂದು ದಿನವೂ ಕೇಳದವರು ಎಲೆಯನ್ನು ಮಾತ್ರ ಕೇಳುತ್ತಿದ್ದರು. ಅಂಥವರ ತುಟಿ ಬಿರಿದು ಬೆಳ್ಳಗಾಗಿ ಹೋಯಿತು. ಹತ್ತಿ ಹಿಡಿದರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಒಂದು ದಿನ ಬೇಸತ್ತು ಬುಟ್ಟಿಯಲ್ಲಿದ್ದ ಎಳೆಯ ವೀಳ್ಯದೆಲೆ ನೀರಲ್ಲಿ ಅದ್ದಿ ಒರೆಸಿದೆ. ಸುಮ್ಮನೆ ಒರೆಸಿಸಿಕೊಂಡರು. ನಿಖತ ನೋಡಿ ನಕ್ಕಳು: "ಹತ್ತಿಗಿಂತ ಇದ ಛಲೋ ಅಮ್ಮಿ, ಆದರ ನೀರು ಝಾಡಿಸಿ ಒರಸು." ಅಂದಿನಿಂದ ತೋಟದ ಗುತ್ತೆಪ್ಪ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಪೆಂಡಿ ಎಳೆಯ ಎಲೆ ತಂದು ಬುಟ್ಟಿಗೆ ಹಾಕಿ ಹೋಗುತ್ತಿದ್ದ.

ಜುಲೈನಲ್ಲಿ ಎದೆಯಲ್ಲಿ ಕಫ ಕಟ್ಟಿ ಒಂಬತ್ತು ದಿನ ಆಸ್ಪತ್ರೆ ಕಂಡೆವು. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನೊಮ್ಮೆ ಹಿಂಗಾದ್ರ ಗಂಟಲಕ್ಕ ತೂತು ಹಾಕಿ ಉಸಿರಿನ ಮಷಿನ್ ಹಚ್ಚಬೇಕಾಗತೈತಿ. ಬೇಕೋ ಬ್ಯಾಡೋ ಈಗ ವಿಚಾರ ಮಾಡಿ ಇಡ್ರಿ," ಎಂದರು. ಜಗಳ ಅಲ್ಲಿಂದ ಶುರುವಾಯಿತು. ನಿಖತ ಶಿಗ್ಗಾಂವಿಯಲ್ಲಿ ನರ್ಸು, ದಿನಾ ಬಸ್ಸಿಗೆ ಹೋಗಿ ಬರುವವಳು. ಅವಳೊಂದು ಕಾಗದ ತಂದಳು. ಇಂಥ ಸ್ಥಿತಿ ಬಂದರೆ ನನಗೆ ಮಷಿನ್ ಬೇಡ ಎಂದು ರೋಗಿಯೇ ಮೊದಲು ಬರೆದಿಡಬಹುದಂತೆ. ಇಬ್ಬರು ಸಾಕ್ಷಿ, ನೋಟರಿಯ ಮುದ್ರೆ, ಅಷ್ಟಾದರೆ ಕಾನೂನು ಒಪ್ಪುತ್ತದಂತೆ.

ತನ್ವೀರ ಆ ಕಾಗದ ಕೈಗೂ ತೆಗೆದುಕೊಳ್ಳಲಿಲ್ಲ. "ಅಬ್ಬಾನ ಹೆಬ್ಬಟ್ಟು ಹಿಡದು ಅವರ ಸಾವಿನ ಕಾಗದಕ್ಕ ಒತ್ತಸ್ತಿಯೇನ?" ಎಂದ.

"ಸಾವಿನ ಕಾಗದ ಅಲ್ಲೋ ಅಣ್ಣಾ. ಮಷಿನ್ ಮ್ಯಾಲೆ ಮಲಗಿದವರ್ನ ನೀ ನೋಡಿಲ್ಲ. ನಾ ದಿನಾ ಅವರ ಕಣ್ಣೀರು ಒರಸ್ತೇನಿ," ಎಂದಳು ನಿಖತ.

ಅವನು ಮಾತಾಡುವಾಗ ಅವನದೇ ಸರಿ ಅನಿಸುತ್ತಿತ್ತು. ಇವಳು ಮಾತಾಡುವಾಗ ಇವಳದೇ ಸರಿ. ನಾನು ಇಬ್ಬರಿಗೂ ತಲೆ ತೂಗಿ ತೂಗಿ ಕತ್ತು ನೋಯಿಸಿಕೊಂಡೆ. ಕೊನೆಗೆ ಮಜೀದ ಮೌಲವಿಗಳನ್ನು ಮನೆಗೆ ಕರೆದೆವು. ಅವರು ನಮ್ಮವರ ಹಣೆ ಮುಟ್ಟಿ ಹೇಳಿದರು: "ಮಷಿನ್ ಬ್ಯಾಡ ಅನ್ನಾಕ ದಾರಿ ಐತಿ ಅಂತ ಧರ್ಮ ಓದಿದ ಕೆಲವು ಆಲಿಮರು ಹೇಳ್ತಾರ, ಇಲ್ಲ ಅನ್ನಾವ್ರೂ ಅದಾರ. ಜೀವ ತಗಿಯೂ ಔಷಧ ಕೊಡೂದು ಹರಾಮ್, ಅದರಾಗ ಎರಡು ಮಾತಿಲ್ಲ. ಮತ್ತ ಅನ್ನ ನೀರು ಮಾತ್ರ ನಿಲ್ಲಸಬ್ಯಾಡ್ರಿ, ಅದು ಅವರ ಹಕ್ಕು." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನನಗೂ ಪೂರಾ ತಿಳೀದವ್ವ, ದುಆ ಮಾಡ್ತೇನಿ," ಎಂದರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಆದರೆ ನನ್ನ ಪಾಡು ನೋಡು. ಡಾಕ್ಟರು ನೀರು ಕೊಡಬೇಡ ಎಂದಿದ್ದರು. ಮೌಲವಿಗಳು ನೀರು ನಿಲ್ಲಿಸಬೇಡ ಎಂದರು. ಮೌಲವಿಗಳು ಹೇಳಿದ್ದು ನಳಿಕೆಯ ನೀರಿನ ಮಾತು, ಅಷ್ಟು ತಿಳಿಯದ ದಡ್ಡಿ ನಾನಲ್ಲ. ಆದರೂ ಅವರ ಒಣ ತುಟಿ ನೋಡಿದಾಗಲೆಲ್ಲ ಎರಡೂ ಮಾತು ತಲೆಯಲ್ಲಿ ಕಚ್ಚಾಡುತ್ತಿದ್ದವು.

ಕೊನೆಗೆ ನಿಖತ ಅವರನ್ನೇ ಕೇಳಿದಳು. "ಅಬ್ಬಾ, ಮಷಿನ್ ಬೇಕಂದ್ರ ಒಮ್ಮೆ ಕಣ್ಣು ಮುಚ್ಚರಿ. ಬ್ಯಾಡಂದ್ರ ಎರಡು ಸಲ." ಅವರು ಒಮ್ಮೆಯೂ ಮುಚ್ಚಲಿಲ್ಲ. ಕಿಟಕಿಯ ಹತ್ತಿರವಿದ್ದ ಎಲೆಯ ಬುಟ್ಟಿಯನ್ನು ನೋಡುತ್ತ ಇದ್ದುಬಿಟ್ಟರು. ಅಂಗಡಿಯದೇ ಚಿಂತೆ ಎಂದ ತನ್ವೀರ. ಎಲ್ಲ ಸಾಕಾಗಿದೆ ಎಂದು ಹೇಳುತ್ತಿದ್ದಾರೆ ಎಂದಳು ನಿಖತ. ಬಾಯಾರಿಕೆ ಇರಬಹುದು ಅಂದುಕೊಂಡೆ ನಾನು, ಬಾಯಿಬಿಟ್ಟು ಹೇಳಲಿಲ್ಲ. ಕಾಗದ ಹೆಬ್ಬಟ್ಟಿಲ್ಲದೆ ಕಪಾಟಿಗೆ ಸೇರಿತು.

ಸೆಪ್ಟೆಂಬರ್ ಇಪ್ಪತ್ತಾರು, ಶುಕ್ರವಾರ. ಬೆಳಿಗ್ಗೆ ನಿಖತ ಎಂದಿನಂತೆ ನಳಿಕೆಯಿಂದ ಗಂಜಿ ಹಾಕಿದಳು. ಹಾಕಿದ ಮೇಲೆ ಅರ್ಧ ತಾಸು ಒರಗಿಸಿ ಕೂರಿಸಬೇಕು, ಇಲ್ಲದಿದ್ದರೆ ಮೇಲೆ ಉಕ್ಕಿ ಎದೆಗೆ ಇಳಿಯುತ್ತದಂತೆ. ಆ ದಿನ ಬಸ್ಸು ತಪ್ಪುತ್ತದೆಂದು ಸ್ವಲ್ಪ ಮುಂಚೆಯೇ ಮಲಗಿಸಿ ಹೋದಳು. ಮಧ್ಯಾಹ್ನ ನಾನು ಎಲೆಯಿಂದ ತುಟಿ ಒರೆಸಿದೆ. ಸಂಜೆ ಅವಳು ಬಂದು ಎದೆಗೆ ಸ್ಟೆತೋಸ್ಕೋಪು ಇಟ್ಟಾಗ ಒಳಗೆ ಗೊರಗೊರ ಸದ್ದು. ಶನಿವಾರ ಜ್ವರ ಏರಿತು. ಡಾಕ್ಟರು ಬಂದು ನೋಡಿ, ಹುಬ್ಬಳ್ಳಿಗೆ ಒಯ್ದು ಮಷಿನ್ ಹಚ್ಚಿಸಬೇಕು ಎಂದರು. ತನ್ವೀರ ಅಂಬುಲೆನ್ಸಿಗೆ ಫೋನ್ ಹಚ್ಚಿದ. ನಿಖತ ಬಾಗಿಲಿಗೆ ಅಡ್ಡ ನಿಂತು "ಬ್ಯಾಡ" ಅಂದಳು. ಇಬ್ಬರೂ ನನ್ನ ಮುಖ ನೋಡಿದರು. ಇಲ್ಲೇ ಇರಲಿ ಎಂದೆ.

ಸೋಮವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಉಸಿರು ತೆಳುವಾಯಿತು. ಮೌಲವಿಗಳು ಕುರಾನಿನ ಯಾಸೀನ್ ಓದಿದರು. ನನ್ನ ತಮ್ಮ ಮುಜಮ್ಮಿಲ ಹಜ್ಜಿನಿಂದ ತಂದುಕೊಟ್ಟ ಜಮ್‌ಜಮ್ ನೀರನ್ನು, ಇದು ಕೊನೆಯ ಗಳಿಗೆಯೆಂದು, ಒಬ್ಬೊಬ್ಬರಾಗಿ ಚಮಚದಲ್ಲಿ ಬಿಟ್ಟೆವು. ನನ್ನದು ಕೊನೆಯ ಚಮಚ. "ಹೇಣ್ತಿ ಕೈಯಾಗಿನ ನೀರು ಕುಡದು ಹ್ವಾದರು, ನಸೀಬವಂತರು," ಎಂದರು ಮೌಲವಿಗಳು. ಬಂದವರೆಲ್ಲ ಅದನ್ನೇ ಹೇಳುತ್ತಾರೆ, ನೀನೂ ಪತ್ರದಲ್ಲಿ ಅದನ್ನೇ ಬರೆದಿದ್ದೀಯ.

ನಲವತ್ತನೆಯ ದಿನದ ಫಾತಿಹಾ ಮುಗಿದು ವಾರವಾಯಿತು. ನಿಖತ ಇನ್ನೂ ಡ್ಯೂಟಿಗೆ ಹೋಗಿಲ್ಲ. ಮನೆಯಲ್ಲಿರುವ ಹೊದಿಕೆ, ಚಾದರ ಎಲ್ಲ ತೆಗೆದು ದಿನಾ ಒಗೆಯುತ್ತಾಳೆ. "ಇನ್ನ ಹತ್ತು ನಿಮಿಷ ಕುಂಡ್ರಿಸಿದ್ದರ ಅಬ್ಬಾ ಇರ್ತಿದ್ರು. ದಿನಾ ಮಂದಿಗೆ ಕಲಸಾಕಿ ನಾ," ಎನ್ನುತ್ತಾಳೆ. ತನ್ವೀರ ಅವಳ ಕೂಡ ಮಾತಾಡುವುದಿಲ್ಲ. ಮೊದಲೇ ಕಾಗದ ತಂದವಳು ಎಂದು ಒಂದು ದಿನ ಗೊಣಗಿದ, ಅವಳು ಕೇಳಿಸಿಕೊಂಡಳು. ನಿನ್ನ ತಪ್ಪಲ್ಲ ಮಗಳೇ ಎಂದು ನಾನು ತಲೆ ಸವರಿದರೆ ತಿರುಗಿ ಕೇಳುತ್ತಾಳೆ: "ಮತ್ತ ಯಾರದು ಅಮ್ಮಿ?" ನಾನು ಒಳಗೆ ಎದ್ದು ಹೋಗುತ್ತೇನೆ.

ಸುಧಾ, ಹೊನ್ನವ್ವ ಸಾಕು ಎಂದಾಗ ಅದು ನಿಜವಾದ ಸಾಕು ಎಂದು ನಿನಗೆ ಹೇಗೆ ತಿಳಿಯಿತು? ಹನ್ನೊಂದು ದಿನದಲ್ಲಿ ಒಮ್ಮೆಯಾದರೂ ನಿನಗೆ ದಿಗಿಲಾಗಲಿಲ್ಲವೇ? ನಿಮ್ಮ ಜಂಗಮರು ಏನೆಂದರು? ಬಿಡುವುದು ಯಾವುದು, ಕೊಲ್ಲುವುದು ಯಾವುದು ಎಂದು ಗೆರೆ ಎಳೆಯುವ ಕೆಂಪು ಪೆನ್ನು ಒಂದು ಕಾಲಕ್ಕೆ ನನ್ನ ಕೈಯಲ್ಲೇ ಇತ್ತು. ಅದನ್ನು ನಿನ್ನ ಮೇಲೆ ಓಡಿಸಿದೆ. ಆ ಪತ್ರ ಇನ್ನೂ ಇಟ್ಟುಕೊಂಡಿದ್ದರೆ ಒಲೆಗೆ ಹಾಕು. ನನ್ನನ್ನು ಮಾಫ್ ಮಾಡು.

ಇದ್ದತ್ತು ಮುಗಿದ ದಿನ ಮೊದಲ ಬಸ್ಸಿಗೆ ಮಾಸೂರಿಗೆ ಬರುತ್ತೇನೆ. ನಿನ್ನ ಮನೆಯ ನೀರು ಕುಡಿಯುತ್ತೇನೆ, ಕೊಡುತ್ತೀಯಲ್ಲ? ನಿನ್ನ ಮಗ ಬಸವೇಶನಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಅಲ್ಲಾಹ್ ನಿನ್ನ ಮಂಡಿನೋವು ಕಡಿಮೆ ಮಾಡಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಹಳೆಯ ಟ್ರಂಕಿನ ಪಾಲುಗಾರ್ತಿ,
ನೂರಜಹಾನ

ತಾ.ಕ.: ಬರೆದದ್ದೆಲ್ಲ ನಿಜ, ಒಂದನ್ನು ಬಿಟ್ಟಿದ್ದೇನೆ. ಆ ಶುಕ್ರವಾರವೂ ಇದೇ ಹೊತ್ತು, ಮನೆಯಲ್ಲಿ ಅವರೂ ನಾನೂ ಇಬ್ಬರೇ. ಗುತ್ತೆಪ್ಪ ತಂದ ಹೊಸ ಎಲೆ ಅಗಲವಾಗಿತ್ತು. ನೀರು ಝಾಡಿಸಲು ಮರೆತೆ, ಮಡಿಕೆಯಲ್ಲಿ ನಿಂತದ್ದು ಬಾಯೊಳಗೆ ಜಾರಿತು. ಅವರು ಕೆಮ್ಮಿದರು. ಅದು ಕೈತಪ್ಪು. ಕೆಮ್ಮು ನಿಂತ ಮೇಲೆ ಅವರು ನನ್ನನ್ನೇ ನೋಡುತ್ತ ಬಾಯಿ ತೆರೆದರು, ಆರು ತಿಂಗಳಲ್ಲಿ ಮೊದಲ ಸಲ ತಾವಾಗಿ. ನಾನು ಎಲೆಯನ್ನು ದೊನ್ನೆಯ ಹಾಗೆ ಮಡಚಿ ಎರಡು ಸಲ ನೀರು ಬಿಟ್ಟೆ. ಡಾಕ್ಟರ ಮಾತು ನನಗೆ ನೆನಪಿತ್ತು. ಅವರಿಗೂ ನೆನಪಿತ್ತೋ ಏನೋ, ಅವರ ಎದುರಿಗೇ ಹೇಳಿದ್ದರಲ್ಲ. ಬಾಯಾರಿ ತೆರೆದರೋ, ಹೋಗಲೆಂದು ತೆರೆದರೋ ನನಗೆ ತಿಳಿಯಲಿಲ್ಲ. ನಾನು ಯಾವುದಕ್ಕೆಂದು ಕೊಟ್ಟೆ, ಅದೂ ತಿಳಿಯದು. ಸಂಜೆ ನಿಖತ ಎದೆಯ ಸದ್ದು ಕೇಳಿ, "ಅಮ್ಮಿ, ಬಾಯಿಂದ ಏನರ ಕೊಟ್ಟಿಯೇನ?" ಎಂದಳು. ನಾನು ಇಲ್ಲ ಅಂದೆ.

ನಾನು ಹೊಸ್ತಿಲು ದಾಟುವಂತಿಲ್ಲ, ಈ ಪತ್ರವನ್ನು ಅಂಚೆಗೆ ಅವಳೇ ಹಾಕಬೇಕು. ಬೇರೆಯವರ ಪತ್ರ ಓದುವ ಚಾಳಿ ಅವಳಿಗಿಲ್ಲ. ಲಕೋಟೆ ಅಂಟಿಸದೆ ಕೊಡುತ್ತಿದ್ದೇನೆ. ಇದನ್ನು ನಿನಗೆ ಬರೆದೆನೋ, ಅವಳಿಗೆ ಬರೆದೆನೋ, ಈಗ ಅದೂ ನನಗೆ ಗೊತ್ತಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಕರೆಯುತ್ತೇನೆ.