ಸೀಟಿನ ಪ್ಲಾಸ್ಟಿಕ್

ಅಪ್ಪಾ,

ಇವತ್ತ ತಮ್ಮ ಈರೇಶನ ತಲಿ ಒಡದೆ. ನಿಮ್ಮ ಹೊಸಾ ಸ್ಕೂಟರಿನ ಸೀಟಿಗೆ ನೀವು ಜ್ವಾಕಿ ಮಾಡಿ ಉಳಿಸಿದ್ದ ಪ್ಲಾಸ್ಟಿಕ್ ಅಂವಾ ಬ್ಲೇಡಿಲೆ ಕೊಯ್ದು ಒಗದಾ. "ಅಪ್ಪನ ಜೋಡಿ ಇದನ್ನೂ ಹುಗೀಬೇಕಿತ್ತು, ಅಕ್ಕಾ" ಅಂದಾ. ಗಾಡಿ ಕನ್ನಡಿಯ ನಟ್ಟು ಬಿಗಿ ಮಾಡಾಕ ಹಿಡದಿದ್ದ ಕಬ್ಬಿಣದ ಪಾನಾದಿಂದ ಹೊಡದೆ. ಕೆಳಗ ಬಿದ್ದಮ್ಯಾಲೂ ಹೊಡದೆ.

ಆಮ್ಯಾಲ ನಾನ ಅವನ್ನ ಹಿಂದ ಕುಂದ್ರಿಸಿಕೊಂಡು ಕುಪವಾಡದಿಂದ ಮಿರಜ ದವಾಖಾನಿಗೆ ಒಯ್ದೆ. ರಕ್ತ ನನ್ನ ಬೆನ್ನಿಗುಂಟ ಇಳದು ಸೀಟಿಗೆ ಹನಿಯಾಕತ್ತಿತ್ತು. "ಜೋರ ಹೊಡಿ ಅಕ್ಕಾ, ಸಾಯತೇನಿ" ಅಂತ ಅಳಾಕತ್ತಿದ್ದಾ. ಮೊದಲ್ನೇ ಸರ್ವಿಸಿಂಗ್ ಆಗೂತನಕಾ ನಾಲ್ವತ್ತು ದಾಟಬ್ಯಾಡ ಅಂದಿದ್ರಲ್ರಿ. ದಾಟಲಿಲ್ಲ.

ಒಳಗ ಹೊಲಿಗಿ ಹಾಕಾಕತ್ತಾರ. ನಾ ಹೊರಗ ನಿಂತು, ಡಿಕ್ಕಿಯಾಗಿನ ನಿಮ್ಮ ಹಳದಿ ಅರಿವಿಲೆ ಸೀಟು ಒರಸಾಕತ್ತೇನಿ. ಪ್ಲಾಸ್ಟಿಕ್ ಇದ್ದಿದ್ರ ಒಂದ ಸಲಕ್ಕ ಹೋಗತಿತ್ತು.