ಇಳಿಯದ ಹೆಗಲು

ಬೀದರ, ೧೦ ಫೆಬ್ರುವರಿ ೧೯೪೯, ಗುರುವಾರ

ಬಿಗಿದು ಮೇಲೆದ್ದ ಹೆಗಲು ಇವತ್ತೂ ಇಳಿಯಲಿಲ್ಲ. ನಿಜಾಮನ ರಜಾಕಾರರಿಗೆ ಹೆದರಿ, ಚಿಂತಾಕಿ ಹಳ್ಳಿಯಲ್ಲಿ ನೆಲದೊಳಗಿನ ಜೋಳದ ಹಗೇವಿನಲ್ಲಿ ಹೆಗಲು ಮುದುಡಿ, ಕೊರಳ ಲಿಂಗವನ್ನು ಎಡಮುಷ್ಟಿಯಲ್ಲಿ ಬಿಗಿಹಿಡಿದು ಕೂತದ್ದು ನಾಲ್ಕೇ ದಿನ. ಭಾರತದ ಮಿಲಿಟರಿ ಬಂದು ಅವರನ್ನು ಅಡಗಿಸಿ ಐದು ತಿಂಗಳಾದರೂ ಪೂಜೆಗೆ ಎಡಗೈ ಪೂರ್ತಿ ಬಿಚ್ಚುವುದಿಲ್ಲ. ಅದಕ್ಕೇ ಮೈಲೂರಿನ ತಾಲೀಮಿಗೆ, ಗರಡಿಯ ಉಸ್ತಾದ ಮಹಬೂಬಸಾಬರ ಹತ್ತಿರ, ಮೈ ಸಡಿಲಿಸುವುದನ್ನು ಕಲಿಯಲು ಹೋಗುತ್ತಿದ್ದೇನೆ.

ಅವರು ಬೆನ್ನ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟರು. “ಜೋರ ಮಾಡಬ್ಯಾಡ್ರಿ ಮಾಸ್ತರ. ಉಸಿರು ಬಿಡ್ರಿ, ಹೆಗಲು ತಾನೇ ಇಳೀತದ.”

ನಿಜಕ್ಕೂ ಇಳಿಯತೊಡಗಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ, ರಜಾಕಾರರೆಂಬ ಗುಮಾನಿಯ ಮೇಲೆ ಮುಸಲ್ಮಾನರನ್ನು ಹಿಡಿದೊಯ್ಯುವ ಮಿಲಿಟರಿ ಲಾರಿ ನಿಂತಿತು. ಉಸ್ತಾದರ ಬೆರಳುಗಳು ನನ್ನ ಹೆಗಲನ್ನು ಕಚ್ಚಿ ಹಿಡಿದವು. ಲಾರಿ ಹೋಯಿತು, ಬೆರಳು ಸಡಿಲಲಿಲ್ಲ.

“ಉಸಿರು ಬಿಡ್ರಿ, ಉಸ್ತಾದ,” ಎಂದೆ.

ಅಲ್ಲಿಯತನಕ ನಾನೂ ಬಿಟ್ಟಿರಲಿಲ್ಲ.