ಬ್ಯಾಟ್ ಬಿಸಾಡಿ ಓಡಿದವರು

ಪ್ರೇಮಲತಾ ಮೇಡಂ ಅವರಿಗೆ, ನಿಮ್ಮ ಸ್ಟುಡಿಯೋ ಬಾಗಿಲಿನ ಹೊರಗಿನಿಂದ ನಮಸ್ಕಾರ.

ಒಳಗೆ ಎಲ್ಲರ ಫೋನೂ ಆಫ್ ಇರುವುದರಿಂದ ಈ ಚೀಟಿಯನ್ನು ಕಾಫಿ ಕೊಡುವ ಬೈರಮ್ಮನವರ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ರೆಕಾರ್ಡಿಂಗ್ ನಿಲ್ಲಿಸಿ.

1954ರ ಆ ಅಮೆರಿಕದ ಬೇಸ್‌ಬಾಲ್ ಪಂದ್ಯದ ಮಾತಿಲ್ಲದ ಚಿತ್ರಕ್ಕೆ ನಾನು ಬರೆದುಕೊಟ್ಟ ಕನ್ನಡ ನಿರೂಪಣೆ ತಪ್ಪಾಗಿದೆ. ಚಾಮರಾಜಪೇಟೆಯ ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟ್ ಬಿಸಾಡಿ ಓಡುವವನು ಕಿಟಕಿ ಗಾಜು ಒಡೆದವನು ಮಾತ್ರ. ಅದೇ ಲೆಕ್ಕದಲ್ಲಿ, ಕೊನೆಯ ಹೊಡೆತಕ್ಕೆ ಪ್ರಾಸ ಕಟ್ಟಿ, “ಹೊಡೆದ ಚೆಂಡ, ಎಸೆದ ದಾಂಡ, ಹೆದರಿ ಓಡಿದ ನೋಡಿ ಭಂಡ” ಎಂದು ಬರೆದೆ.

ಇವತ್ತು ತಿಂಡಿ ಹೊತ್ತಿಗೆ, ಸ್ಕೂಲಿನಲ್ಲಿ ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್ ಆಡುವ ಮಗಳು ಲಾಸ್ಯಾ ಚಿತ್ರ ನೋಡಿ, “ಅಪ್ಪಾ, ಇದ್ರಲ್ಲಿ ಹೊಡೆದ್ಮೇಲೆ ಎಲ್ರೂ ಬ್ಯಾಟ್ ಬಿಸಾಕೇ ಓಡೋದು! ಇವ್ರು ಮ್ಯಾಚ್ ಗೆಲ್ಸಿದಾರೆ” ಎಂದಳು. ದೋಸೆ ಅರ್ಧಕ್ಕೆ ಬಿಟ್ಟು ಬಂದೆ.

ಆ ಕೊನೆಯ ಹೊಡೆತ ಹೊಡೆದ ಆಟಗಾರರ ಮಗಳೇ ಅಮೆರಿಕದಿಂದ ಬಂದು ಒಳಗೆ ಕೂತಿದ್ದಾರಂತೆ. ಈಗಷ್ಟೇ ಹೊರಬಂದ ಬೈರಮ್ಮ, “ಎಲ್ರೂ ಬಿದ್ದು ಬಿದ್ದು ನಗ್ತಾವ್ರೆ ಸಾರ್. ಆ ಅಮ್ಮ ಮಾತ್ರ ಏನು, ಏನು ಅಂತ ಎಲ್ರನ್ನೂ ಕೇಳ್ತಾವ್ರೆ” ಅಂದರು.

ಆ ಸಾಲನ್ನು ತೆಗೆದುಹಾಕಿ. ಅವರಿಗೆ, “ನಿಮ್ಮ ತಂದೆ ಅವತ್ತು ಪಂದ್ಯ ಗೆಲ್ಲಿಸಿದರು” ಎಂದಷ್ಟೇ ಹೇಳಿ.

ಅವಸರದಲ್ಲಿ,
ಮುರುಗೇಶ್